ರಾಜೌರಿಯ ದಾರಿ ತೆರೆದ ನಾಲ್ಕು ದಿನ

1947ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಜಮ್ಮು ಪ್ರಾಂತದ ರಾಜೌರಿ ಪಟ್ಟಣ ಪಾಕಿಸ್ತಾನದ ಬೆಂಬಲವಿದ್ದ ದಾಳಿಕೋರರ ಕೈಗೆ ಬಿತ್ತು. ಸುತ್ತಲಿನ ಹಳ್ಳಿಗಳಿಂದ ಜೀವ ಉಳಿಸಿಕೊಳ್ಳಲು ಓಡಿಬಂದಿದ್ದ ಹಿಂದೂ, ಸಿಖ್ ಕುಟುಂಬಗಳು ಆ ಪುಟ್ಟ ಊರಿನಲ್ಲಿ ಕಿಕ್ಕಿರಿದಿದ್ದವು. ಅಲ್ಲಿ ನಡೆದ ಕೊಲೆಗಳ ಲೆಕ್ಕ ಸಾವಿರಗಳಲ್ಲಿದೆ. ಎಷ್ಟು ಸಾವಿರ ಎಂಬುದರ ಬಗ್ಗೆ ಬರೆದವರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅದೇ ಚಳಿಗಾಲದಲ್ಲಿ ಜಮ್ಮುವಿನ ಬಯಲುಸೀಮೆಯಲ್ಲಿ ಮುಸ್ಲಿಮರ ಘೋರ ಹತ್ಯೆಯೂ ನಡೆಯಿತು. ಆ ಲೆಕ್ಕದ ಬಗ್ಗೆಯೂ ಹೀಗೆಯೇ ವಿವಾದವಿದೆ. ದೇಶ ವಿಭಜನೆಯ ಆ ತಿಂಗಳುಗಳ ಬಗ್ಗೆ ಬರೆಯುವವರು ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ನುಂಗಿಕೊಳ್ಳಬಾರದು.

ಕಾಶ್ಮೀರದ ಮೊದಲ ಯುದ್ಧ ಎಂದರೆ ನಮ್ಮ ನೆನಪಿಗೆ ಬರುವುದು ಶ್ರೀನಗರ. ಅಕ್ಟೋಬರ್ 27ರ ಬೆಳಿಗ್ಗೆ ಇಳಿದ ಡಕೋಟಾ ವಿಮಾನಗಳು, ಬಡ್ಗಾಮಿನಲ್ಲಿ ಮೇಜರ್ ಸೋಮನಾಥ ಶರ್ಮಾ ಅವರ ಕೊನೆಯ ಕಾಳಗ, ಬಾರಾಮುಲ್ಲಾ, ಊರಿ. ಆದರೆ ಪೀರ್ ಪಂಜಾಲ್ ಬೆಟ್ಟಸಾಲಿನ ದಕ್ಷಿಣಕ್ಕೆ, ಜಮ್ಮುವಿನ ಪಶ್ಚಿಮ ಅಂಚಿನಲ್ಲಿ, ಅಷ್ಟೇ ಕಠಿಣವಾದ ಇನ್ನೊಂದು ಯುದ್ಧ ನಡೆಯುತ್ತಿತ್ತು. ಅಲ್ಲಿ ಭಾರತದ ಸೇನೆ ಆ ಚಳಿಗಾಲವೆಲ್ಲ ಒಂದರ ಹಿಂದೆ ಒಂದು ಊರನ್ನು ಕಳೆದುಕೊಂಡಿತು. ನವೆಂಬರ್ 25ರಂದು ಮೀರ್‌ಪುರ ಹೋಯಿತು. ಮುತ್ತಿಗೆಯಲ್ಲಿದ್ದ ಕೋಟ್ಲಿಯನ್ನು ತಲುಪಿದ ಸೈನ್ಯ ಅಲ್ಲಿಯ ಜನರನ್ನು ಕರೆದುಕೊಂಡು ಊರು ಬಿಟ್ಟು ಬರಬೇಕಾಯಿತು. ಮೀರ್‌ಪುರದ ದಾರಿಯೂ ಕೋಟ್ಲಿಯ ದಾರಿಯೂ ಕೂಡುವ ಝಂಗಡ್ ಡಿಸೆಂಬರ್ 24ರಂದು ಬಿತ್ತು. ಇನ್ನೂ ಉತ್ತರಕ್ಕೆ ಪೂಂಛ್ ಪಟ್ಟಣ, ಸುಮಾರು 40,000 ನಿರಾಶ್ರಿತರ ಸಮೇತ, ಸುತ್ತುವರಿದ ಶತ್ರುಗಳ ನಡುವೆ ಸಿಕ್ಕಿಬಿದ್ದಿತ್ತು. ಅದಕ್ಕೆ ಆಕಾಶದ ದಾರಿಯೊಂದೇ ಉಳಿದಿತ್ತು.

ಈ ಸೋಲುಗಳ ಸರಣಿ ನಿಂತದ್ದು ನೌಶೇರಾದಲ್ಲಿ. 50ನೆಯ ಪ್ಯಾರಾ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್, ಪಾಕಿಸ್ತಾನಕ್ಕೆ ಬಾ ಎಂಬ ಕರೆಯನ್ನು ನಿರಾಕರಿಸಿ ಭಾರತದಲ್ಲೇ ಉಳಿದ ಅಧಿಕಾರಿ. ಝಂಗಡ್ ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟು ಆ ಚಳಿಯಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡವರು. 1948ರ ಜನವರಿಯಲ್ಲಿ ಪಶ್ಚಿಮದ ಸೇನಾ ಕಮಾಂಡಿನ ಹೊಣೆ ಹೊತ್ತ ಕೊಡಗಿನ ಕೆ.ಎಂ. ಕಾರ್ಯಪ್ಪ ನೌಶೇರಾಕ್ಕೆ ಬಂದಾಗ, ಊರಿನ ನೆತ್ತಿಯ ಮೇಲಿದ್ದ ಕೋಟ್ ಎಂಬ ದಿಬ್ಬವನ್ನು ತಮಗೆ ಕಾಣಿಕೆಯಾಗಿ ಗೆದ್ದುಕೊಡಲು ಉಸ್ಮಾನರನ್ನು ಕೇಳಿದರು. ಫೆಬ್ರುವರಿ 1ರಂದು ಕೋಟ್ ಕೈಗೆ ಬಂತು. ಐದೇ ದಿನಗಳಲ್ಲಿ, ಫೆಬ್ರುವರಿ 6ರಂದು, ದಾಳಿಕೋರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ನೌಶೇರಾದ ಮೇಲೆ ಏರಿಬಂದರು. ತೈನ್‌ಧಾರ್ ದಿಬ್ಬದಲ್ಲಿ ನಾಯಕ್ ಜದುನಾಥ ಸಿಂಗ್ ಕೊನೆಯುಸಿರಿನವರೆಗೆ ತಮ್ಮ ಕಾವಲು ನೆಲೆ ಬಿಡದೆ ಪರಮವೀರ ಚಕ್ರ ಪಡೆದದ್ದು ಆ ದಿನವೇ. ದಾಳಿ ಮುರಿಯಿತು. ಮಾರ್ಚ್ 18ರಂದು ಝಂಗಡ್ ಮರಳಿ ಸಿಕ್ಕಿತು.

ಮುಂದಿನ ಗುರಿ ರಾಜೌರಿ. ಅದಕ್ಕೆ ಎರಡು ಕಾರಣಗಳಿದ್ದವು. ರಾಜೌರಿ ಶತ್ರುವಿನ ಕೈಯಲ್ಲಿರುವಷ್ಟು ದಿನ ನೌಶೇರಾದ ಪಕ್ಕೆಗೆ ಅಪಾಯ ತಪ್ಪಿದ್ದಲ್ಲ. ಪೂಂಛಿಗೆ ನೆಲದ ಮೇಲೆ ದಾರಿ ಹುಡುಕುವುದಾದರೆ ಅದು ರಾಜೌರಿಯಿಂದಲೇ ಶುರುವಾಗಬೇಕಿತ್ತು. ಇದರ ಜೊತೆಗೆ ಊರಿನೊಳಗೆ ಉಳಿದವರ ಸುದ್ದಿ, ಸೆರೆಯಲ್ಲಿದ್ದ ಹೆಂಗಸರು ಮಕ್ಕಳ ಸುದ್ದಿ, ಹೊರಗೆ ಬರುತ್ತಲೇ ಇತ್ತು. ಬ್ರಿಗೇಡಿಯರ್ ಯದುನಾಥ ಸಿಂಗ್ ಅವರ 19ನೆಯ ಬ್ರಿಗೇಡಿಗೆ ಈ ಕೆಲಸ ಬಂತು. ಟ್ಯಾಂಕುಗಳು ಮುಂದೆ, ಕಾಲ್ದಳ ಅಕ್ಕಪಕ್ಕದ ದಿಬ್ಬಗಳ ಮೇಲೆ, ಸರಕಿನ ಗಾಡಿಗಳು ಹಿಂದೆ ಎಂಬುದು ಯೋಜನೆ.

ನಕ್ಷೆಯ ಮೇಲೆ ಇದು ಸರಳವಾಗಿ ಕಾಣುತ್ತದೆ. ನೌಶೇರಾದಿಂದ ರಾಜೌರಿಗೆ ಹೋಗುವುದು ಹಳೆಯ ಮೊಗಲ್ ದಾರಿ. ಲಾಹೋರಿನಿಂದ ಕಾಶ್ಮೀರಕ್ಕೆ ಬಾದಶಹರು ಪರಿವಾರ ಸಮೇತ ಹೋಗುತ್ತಿದ್ದ ದಾರಿ. ನಡುವೆ ಚಿಂಗಸ್ ಎಂಬಲ್ಲಿ ಅವರ ಕಾಲದ ಸರಾಯಿ ಇದೆ. 1627ರಲ್ಲಿ ಕಾಶ್ಮೀರದಿಂದ ಮರಳುವಾಗ ಸತ್ತ ಜಹಾಂಗೀರನ ಕರುಳನ್ನು ಅಲ್ಲಿ ಹೂಳಿದರೆಂಬುದು ಆ ಕಡೆಯ ಜನರ ಹೇಳಿಕೆ. ಆದರೆ 1948ರ ಏಪ್ರಿಲಿನಲ್ಲಿ ಅದು ದಾರಿಯಾಗಿ ಉಳಿದಿರಲಿಲ್ಲ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕೊರಕಲು, ನಡುವೆ ಒಂದೇ ಗಾಡಿ ಹಿಡಿಸುವಷ್ಟು ಅಗಲ. ಐದು ತಿಂಗಳು ಆ ಪ್ರದೇಶವನ್ನು ಹಿಡಿದಿದ್ದವರು ಸಿಕ್ಕಸಿಕ್ಕ ತಿರುವಿನಲ್ಲೆಲ್ಲ ಪೈನ್ ಮರಗಳನ್ನು ಕಡಿದು ಕೆಡವಿದ್ದರು, ಮೋರಿಗಳನ್ನು ಸಿಡಿಸಿದ್ದರು, ರಸ್ತೆಯ ಅಂಚನ್ನೇ ಕಿತ್ತು ಕೊರಕಲಿಗೆ ಉರುಳಿಸಿದ್ದರು, ನೆಲದಲ್ಲಿ ಮೈನುಗಳನ್ನು ಹೂಳಿದ್ದರು. ಪ್ರತಿಯೊಂದು ಅಡ್ಡಿಯ ಮೇಲೂ ಎದುರಿನ ದಿಬ್ಬದಿಂದ ಮಷಿನ್ ಗನ್ನಿನ ಗುರಿ ಇಟ್ಟಿದ್ದರು. ಇಂಥ ದಾರಿಯಲ್ಲಿ ಟ್ಯಾಂಕು ಎಷ್ಟು ಬಲಶಾಲಿಯಾದರೂ ನಿಂತಲ್ಲೇ ನಿಲ್ಲುತ್ತದೆ. ಅದರ ಮುಂದೆ ಯಾರಾದರೂ ನಡೆದು ಹೋಗಿ, ಮೊಣಕಾಲೂರಿ, ಕೈಯಿಂದ ದಾರಿ ಬಿಡಿಸಿಕೊಡಬೇಕು.

ಸೇನೆಯಲ್ಲಿ ಆ ಕೆಲಸದವರಿಗೆ ಸ್ಯಾಪರ್‌ಗಳು ಎನ್ನುತ್ತಾರೆ. ಎಂಜಿನಿಯರ್ ದಳದ ಯೋಧರು. ಕೋವಿ ಹಿಡಿಯುವುದನ್ನು ಎಲ್ಲರಂತೆ ಕಲಿತಿದ್ದರೂ ಯುದ್ಧಭೂಮಿಯಲ್ಲಿ ಅವರ ಕೈಯಲ್ಲಿರುವುದು ಗುದ್ದಲಿ, ಪಿಕಾಸಿ, ಹಾರೆ, ಸಿಡಿಮದ್ದಿನ ಹಲಗೆ. ಹೂತಿಟ್ಟ ಮೈನನ್ನು ಹುಡುಕುವ ಬಗೆ ಹೀಗೆ: ಲೋಹ ಪತ್ತೆ ಮಾಡುವ ಯಂತ್ರವಿದ್ದರೆ ಅದರ ಸದ್ದಿಗೆ ಕಿವಿಗೊಟ್ಟು, ಇಲ್ಲದಿದ್ದರೆ ಬಯೊನೆಟ್ಟನ್ನೋ ಸಣ್ಣ ಸಲಾಕೆಯನ್ನೋ ಓರೆಯಾಗಿ ಮಣ್ಣಿಗೆ ಚುಚ್ಚುತ್ತ ಅಂಗುಲ ಅಂಗುಲವಾಗಿ ಮುಂದೆ ಸರಿಯಬೇಕು. ನೇರವಾಗಿ ಚುಚ್ಚಿದರೆ ಮೈನಿನ ನೆತ್ತಿಯ ಮೇಲಿನ ಒತ್ತುಪಟ್ಟಿಗೆ ತಗುಲೀತು. ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಗುತ್ತದೆ. ತಾಗಿದ ಕೂಡಲೇ ಬೆರಳುಗಳಿಂದ ಸುತ್ತಲಿನ ಮಣ್ಣು ಬಿಡಿಸಿ, ಅಡಿಯಲ್ಲಿ ಇನ್ನೊಂದು ಸಿಡಿಗುಂಡು ಕಟ್ಟಿಟ್ಟಿದೆಯೇ ಎಂದು ತಡವಿ ನೋಡಿ, ಆಮೇಲೆ ಎತ್ತಬೇಕು. ಶಾಂತವಾದ ಮೈದಾನದಲ್ಲಿ ಕೂಡ ಇದು ಬೆವರಿಳಿಸುವ ಕೆಲಸ. ತಲೆಯ ಮೇಲೆ ಮಾರ್ಟರ್ ಗುಂಡುಗಳು ಬೀಳುತ್ತಿರುವಾಗ ಇದನ್ನು ಮಾಡುವವನಿಗೆ ತಿರುಗಿ ಗುಂಡು ಹೊಡೆಯುವ ಸಮಾಧಾನವೂ ಇರುವುದಿಲ್ಲ. ಎರಡೂ ಕೈ ಮಣ್ಣಿನಲ್ಲಿರುತ್ತವೆ.

ರಾಜೌರಿಯ ದಾರಿಗೆ ನೇಮಕವಾದದ್ದು ಬಾಂಬೆ ಸ್ಯಾಪರ್ಸ್‌ನ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ಸಣ್ಣ ತುಕಡಿ. ಅದರ ಮುಖ್ಯಸ್ಥ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ.

ರಾಣೆ ಹುಟ್ಟಿದ್ದು 1918ರ ಜೂನ್ 26ರಂದು, ಕಾರವಾರ ತಾಲ್ಲೂಕಿನ ಚೆಂಡಿಯಾ ಗ್ರಾಮದಲ್ಲಿ. ಕಾರವಾರದಿಂದ ಅಂಕೋಲೆಯ ಕಡೆಗೆ, ಒಂದು ಕಡೆ ಸಹ್ಯಾದ್ರಿಯ ಚಾಚು, ಇನ್ನೊಂದು ಕಡೆ ಅರಬ್ಬೀ ಸಮುದ್ರ ಇರುವ ಊರು ಅದು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರವರೆಗೂ ಮುಂಬಯಿಯ ಆಡಳಿತದಲ್ಲೇ ಇತ್ತು. ರಾಣೆ ಬಾಂಬೆ ಸ್ಯಾಪರ್ಸ್ ಸೇರಿದ್ದಕ್ಕೂ, ಅವರನ್ನು ಕೆಲವು ಪುಸ್ತಕಗಳು ಮಹಾರಾಷ್ಟ್ರದ ವೀರರೆಂದೂ ಕೆಲವು ಕರ್ನಾಟಕದ ವೀರರೆಂದೂ ಬರೆಯುವುದಕ್ಕೂ ಈ ಹಿನ್ನೆಲೆಯೇ ಕಾರಣ. ತಂದೆ ಪೊಲೀಸ್ ಕಾನ್‌ಸ್ಟೇಬಲ್. ವರ್ಗಾವಣೆಯ ನೌಕರಿಯಾದ್ದರಿಂದ ಮಗನ ಓದು ಒಂದೇ ಶಾಲೆಯಲ್ಲಿ ನಡೆಯಲಿಲ್ಲ. 1930ರಲ್ಲಿ ಗಾಂಧೀಜಿಯ ಚಳವಳಿ ಹನ್ನೆರಡರ ಹುಡುಗನನ್ನು ಎಳೆದುಕೊಂಡಿತು. ಸರ್ಕಾರಿ ಪೊಲೀಸನ ಮಗ ಚಳವಳಿಯ ಕಡೆ ವಾಲುವುದನ್ನು ಕಂಡ ತಂದೆ ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು. ಆದರೆ ಅಲ್ಲಿಗೆ ಹತ್ತಿರದ ಅಂಕೋಲೆಯೇ ಅದೇ ವರ್ಷ ಕರ್ನಾಟಕದ ಉಪ್ಪಿನ ಸತ್ಯಾಗ್ರಹದ ಕೇಂದ್ರವಾಗಿತ್ತು.

ಹತ್ತು ವರ್ಷಗಳ ನಂತರ, 1940ರ ಜುಲೈ 10ರಂದು, ಆ ಹುಡುಗ ಬ್ರಿಟಿಷರ ಭಾರತೀಯ ಸೇನೆಗೆ ಸೇರಿದ. ತನ್ನ ತಂಡದಲ್ಲಿ ಅತ್ಯುತ್ತಮ ರಂಗರೂಟ್ ಎನಿಸಿಕೊಂಡು ಕಮಾಂಡೆಂಟರ ಬೆತ್ತದ ಗೌರವ ಪಡೆದ. ಮೊದಲ ಯುದ್ಧ ಬರ್ಮಾದಲ್ಲಿ, 26ನೆಯ ಡಿವಿಷನ್ ಜೊತೆ, ಅರಕಾನಿನ ಕಾಡಿನಲ್ಲಿ. ಅಲ್ಲಿಂದ ಸೇನೆ ಹಿಂದೆ ಸರಿಯುವಾಗ ಬುಥಿಡಾಂಗ್‌ನಲ್ಲಿ ಮುಖ್ಯವಾದ ಕಟ್ಟಡ, ಸಲಕರಣೆಗಳನ್ನು ನಾಶಮಾಡಿ ಬರಲು ರಾಣೆಯನ್ನು ಎರಡು ಸೆಕ್ಷನ್ ಸೈನಿಕರೊಂದಿಗೆ ಹಿಂದೆ ಬಿಟ್ಟರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಕರೆದೊಯ್ಯಬೇಕಿತ್ತು. ಹಡಗು ಬರಲಿಲ್ಲ. ಜಪಾನಿಯರು ಪಹರೆ ತಿರುಗುತ್ತಿದ್ದ ನದಿಯನ್ನು ದಾಟಿಸಿ ರಾಣೆ ತಮ್ಮವರನ್ನು ಡಿವಿಷನ್ನಿಗೆ ಮರಳಿ ಸೇರಿಸಿದರು. ಅದಕ್ಕೆ ಹವಾಲ್ದಾರ್ ಹುದ್ದೆ ಸಿಕ್ಕಿತು, ಮುಂದೆ ಜಮಾದಾರ್ ಆದರು, 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್.

ಆ ಹುದ್ದೆಯ ಹೆಸರು ಕೇಳಿದರೆ ಅಕಾಡೆಮಿಯಿಂದ ಆಗಷ್ಟೇ ಹೊರಬಂದ ಇಪ್ಪತ್ತರ ಆಸುಪಾಸಿನ ತರುಣ ಕಣ್ಣಿಗೆ ಕಟ್ಟುತ್ತಾನೆ. 1971ರಲ್ಲಿ ಬಸಂತರ್ ಕದನದಲ್ಲಿ ಸುಡುವ ಟ್ಯಾಂಕನ್ನು ಬಿಟ್ಟಿಳಿಯದೆ ಹೋರಾಡಿ ಮಡಿದ ಅರುಣ್ ಖೇತ್ರಪಾಲರಿಗೆ 21 ವರ್ಷ. ರಾಣೆಯವರ ಕಥೆ ಬೇರೆ. ಅಧಿಕಾರಿಗಳ ಸಾಲಿನಲ್ಲಿ ಅವರು ಎಲ್ಲರಿಗಿಂತ ಕಿರಿಯರು, ನಾಲ್ಕು ತಿಂಗಳೂ ತುಂಬದವರು. ವಯಸ್ಸು ಮಾತ್ರ ಮೂವತ್ತರ ಹತ್ತಿರ, ಬೆನ್ನ ಹಿಂದೆ ಸಿಪಾಯಿಯಾಗಿ, ಹವಾಲ್ದಾರನಾಗಿ, ಜಮಾದಾರನಾಗಿ ಸವೆಸಿದ ಏಳೂವರೆ ವರ್ಷಗಳ ಅನುಭವ. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಇದು ಬೇಕೇಬೇಕು. ಮೈನು ಬಿಡಿಸುವುದನ್ನು ತಮ್ಮ ಸೈನಿಕರಿಗೆ ಹೇಳಿ ಮಾಡಿಸುವುದಕ್ಕಿಂತ ತಾವೇ ಕೈಯಿಂದ ಮಾಡಿ ಬಲ್ಲವರು ರಾಣೆ.

ಏಪ್ರಿಲ್ 8. ಬೆಳಿಗ್ಗೆ 11 ಗಂಟೆ. ನೌಶೇರಾ-ರಾಜೌರಿ ರಸ್ತೆಯ 26ನೆಯ ಮೈಲಿ, ನಾದ್‌ಪುರ್ ಸೌತ್ ಹತ್ತಿರ. ಟ್ಯಾಂಕುಗಳ ಪಕ್ಕದಲ್ಲಿ ರಾಣೆಯ ತಂಡ ಕೆಲಸ ಶುರುಮಾಡಲು ಕಾಯುತ್ತಿತ್ತು. ಆಗ ಶತ್ರುವಿನ ಮಾರ್ಟರ್ ಗುಂಡುಗಳು ಅವರ ನಡುವೆಯೇ ಬಿದ್ದವು. ಇಬ್ಬರು ಸತ್ತರು. ಐವರಿಗೆ ಗಾಯ, ಆ ಐವರಲ್ಲಿ ರಾಣೆಯೂ ಒಬ್ಬರು.

ಒಂದು ಮೈನನ್ನೂ ಇನ್ನೂ ಎತ್ತಿರಲಿಲ್ಲ. ಸಣ್ಣ ತುಕಡಿಯಲ್ಲಿ ಒಮ್ಮೆಗೇ ಏಳು ಜನ ಹೋದರೆ ಮಿಕ್ಕವರ ಮನಸ್ಸು ಏನಾಗಿರಬೇಡ? ಗಾಯಗೊಂಡ ಅಧಿಕಾರಿ ಹಿಂದಿನ ಶುಶ್ರೂಷಾ ಕೇಂದ್ರಕ್ಕೆ ಹೋದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಾಲ್ಕು ದಿನಗಳ ಕಥೆಯ ತಿರುವು ನನ್ನ ಎಣಿಕೆಯಲ್ಲಿ ಇದೇ ಗಳಿಗೆ. ರಾಣೆ ಉಳಿದವರನ್ನು ಒಟ್ಟುಮಾಡಿ, ಕೆಲಸವನ್ನು ಹೊಸದಾಗಿ ಹಂಚಿ, ಟ್ಯಾಂಕುಗಳು ತಮ್ಮ ಜಾಗಕ್ಕೆ ತಲುಪಲು ದಾರಿ ಬಿಡಿಸತೊಡಗಿದರು. ದಿನವಿಡೀ ಆ ಗುಂಡಿನ ಮಳೆಯಲ್ಲಿ ಟ್ಯಾಂಕುಗಳ ಬಳಿಯೇ ಇದ್ದರು. ಸತ್ತ ಆ ಇಬ್ಬರ ಹೆಸರು ರಾಣೆಯವರಿಗೆ ಮುಂದೆ ಬಂದ ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿಲ್ಲ. ಅವರೂ ಅದೇ ಕೆಲಸಕ್ಕೆ ಬಂದು ನಿಂತವರು.

ಸಂಜೆ 4.30ರ ಸುಮಾರಿಗೆ 4ನೆಯ ಡೋಗ್ರಾ ಬೆಟಾಲಿಯನ್ ಬರ್ವಾಲಿ ದಿಬ್ಬವನ್ನು ಹಿಡಿಯಿತು. ನೌಶೇರಾದಿಂದ ಸುಮಾರು 11 ಕಿಲೋಮೀಟರ್ ದೂರದ ಆ ದಿಬ್ಬದಾಚೆ ಟ್ಯಾಂಕು ಹೋಗುವ ಹಾಗೆಯೇ ಇರಲಿಲ್ಲ. ಸುತ್ತಮುತ್ತ ಶತ್ರುಗಳು ಇನ್ನೂ ಇದ್ದಾರೆಂದು ಗೊತ್ತಿದ್ದೂ ರಾಣೆ ತಮ್ಮವರನ್ನು ಮುಂದಕ್ಕೆ ಕರೆದುಕೊಂಡು ಹೋಗಿ ಬಳಸುದಾರಿ ಕಡಿಯಲು ನಿಂತರು. ಶತ್ರುವಿಗೆ ನೇರವಾಗಿ ಕಾಣುವ ಜಾಗ, ಮಷಿನ್ ಗನ್ನಿನ ಗುಂಡು. ರಾತ್ರಿ 10ರವರೆಗೆ ಗುದ್ದಲಿ ನಿಲ್ಲಲಿಲ್ಲ.

ಏಪ್ರಿಲ್ 9. ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧವಾಯಿತು, ಟ್ಯಾಂಕುಗಳು ಚಲಿಸಿದವು. ರಾಣೆ ಎಲ್ಲಕ್ಕಿಂತ ಮುಂದಿದ್ದ ಕ್ಯಾರಿಯರ್ ಗಾಡಿ ಹತ್ತಿದರು. ಅರ್ಧ ಮೈಲಿ ಹೋಗುವುದರೊಳಗೆ ಅಡ್ಡಬಿದ್ದ ಪೈನ್ ಮರಗಳು. ಇಳಿದು, ಮದ್ದು ಇಟ್ಟು, ಸಿಡಿಸಿದರು. ಮುನ್ನೂರು ಗಜ ಮುಂದೆ ಮತ್ತೆ ಮರಗಳು, ಮತ್ತೆ ಮದ್ದು. ಆಗಲೇ ಸಂಜೆ 5. ಗುಡ್ಡವನ್ನು ಸುತ್ತುವ ತಿರುವಿನಲ್ಲಿ ಒಡೆದ ಮೋರಿ. ಕೆಲಸಕ್ಕೆ ಕೈ ಹಾಕುವ ಮೊದಲೇ ಮಷಿನ್ ಗನ್ನುಗಳು ಮೊರೆಯತೊಡಗಿದವು. ಮೋರಿಯನ್ನು ಬಳಸಿ ದಾರಿ ಮಾಡಿ ಟ್ಯಾಂಕು ದಾಟಿಸಿದರು. ಆಮೇಲೆ ಇನ್ನೂ ಹಲವು ಅಡ್ಡಿಗಳು. 6.15ಕ್ಕೆ ಬೆಳಕು ಕುಂದುತ್ತಿರುವಾಗ ಎದುರಾದದ್ದು ಎಲ್ಲಕ್ಕಿಂತ ದೊಡ್ಡದು: ಐದು ಭಾರಿ ಪೈನ್ ಮರಗಳು, ಸುತ್ತ ಮೈನುಗಳು, ಮೇಲೆ ಮಷಿನ್ ಗನ್ನಿನ ಕಾವಲು. ರಾಣೆ ಮೈನುಗಳನ್ನು ತೆಗೆಯಲು ಕೂತೇಬಿಟ್ಟರು. ಟ್ಯಾಂಕುಗಳ ದಂಡಿನ ಮುಖ್ಯಸ್ಥರು ಮಾತ್ರ ಕತ್ತಲಲ್ಲಿ ಇದು ಸಾಗದೆಂದು ತೀರ್ಮಾನಿಸಿ ಗಾಡಿಗಳನ್ನು ರಾತ್ರಿಯ ತಂಗುದಾಣಕ್ಕೆ ತಿರುಗಿಸಿದರು.

ಏಪ್ರಿಲ್ 10. ನಸುಕಿನ 4.45. ಎರಡು ದಿನಗಳ ನಿದ್ದೆಗೇಡು, ಮಾಯದ ಗಾಯ. ಕೆಲವು ಟ್ಯಾಂಕುಗಳ ಬೆಂಬಲದಲ್ಲಿ ರಾಣೆ ಅದೇ ಐದು ಮರಗಳ ಬಳಿಗೆ ಹೋದರು. 6.30ಕ್ಕೆ ಅಡ್ಡಿ ತೆರವಾಯಿತು. ಅದರ ಮುಂದಿನ ಸಾವಿರ ಗಜ ಇಡೀ ಕಿತ್ತುಹಾಕಿದ ನೆಲ: ಒಡೆದ ಅಂಚುಗಳು, ಕೆಡವಿದ ಮರಗಳು, ಪೂರ್ತಿ ಗುಂಡಿನ ಹೊಡೆತಕ್ಕೆ ಸಿಗುವ ಜಾಗ. ಅದನ್ನು 10.30ಕ್ಕೆ ಮುಗಿಸಿದರು. ಸಾವಿರ ಗಜಕ್ಕೆ ನಾಲ್ಕು ಗಂಟೆ. ಕಾದಾಟದ ಕಥೆಗಳಲ್ಲಿ ಈ ವೇಗಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ಅಷ್ಟು ಹೊತ್ತು, ಅಷ್ಟು ಬಯಲಿನಲ್ಲಿ, ಕುಕ್ಕುರು ಕೂತು ಮಣ್ಣು ಕೆದಕಿದವರ ಎದೆಗಾರಿಕೆಯನ್ನು ಒಂದು ಕ್ಷಣ ಯೋಚಿಸಬೇಕು.

ಅಲ್ಲಿಂದ ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದು ಮಧ್ಯಾಹ್ನ 2ಕ್ಕೆ ಚಿಂಗಸ್ ತಲುಪಿದವು. ರಾಣೆಯ ಕೆಲಸ ಇಲ್ಲಿಗೆ ಮುಗಿಯಿತೆಂದು ಬೇರೆಯವರು ಅಂದುಕೊಳ್ಳಬಹುದಿತ್ತು. ಟ್ಯಾಂಕು ದಾಟಿದರೆ ಸಾಲದು, ಅದರ ಹಿಂದೆ ಇಂಧನ, ಗುಂಡು, ರೊಟ್ಟಿ, ಔಷಧಿ ಹೊತ್ತ ಲಾರಿಗಳು ದಾಟಬೇಕು ಎಂಬುದು ಅವರಿಗೆ ಗೊತ್ತಿತ್ತು. ಲಾರಿಗಳು ನದಿಯ ಕಲ್ಲುಗಳ ಮೇಲೆ ಹೋಗಲಾರವು. ಆದ್ದರಿಂದ ಊಟವಿಲ್ಲದೆ, ವಿಶ್ರಾಂತಿಯಿಲ್ಲದೆ ರಾತ್ರಿ 9ರವರೆಗೆ ರಸ್ತೆಯನ್ನೇ ಹಿಡಿದು ಮುಂದುವರಿದರು. ಏಪ್ರಿಲ್ 11ರ ಬೆಳಿಗ್ಗೆ 6ಕ್ಕೆ ಮತ್ತೆ ಹೊರಟು 11ಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆದರು. ಅಲ್ಲಿಂದಾಚೆಗಿನ ದಾರಿಯಲ್ಲಿ ರಾತ್ರಿ 10ರವರೆಗೆ.

ಏಪ್ರಿಲ್ 12ರಂದು ಭಾರತದ ಸೇನೆ ರಾಜೌರಿಯನ್ನು ಪ್ರವೇಶಿಸಿತು. ಹಿಮ್ಮೆಟ್ಟುವವರು ಊರಿಗೆ ಬೆಂಕಿ ಹಚ್ಚಿದ್ದರು, ಉಳಿದಿದ್ದವರಲ್ಲಿ ಅನೇಕರನ್ನು ಕೊಂದಿದ್ದರು. ಒಳಹೊಕ್ಕ ಸೈನಿಕರಿಗೆ ಕಂಡದ್ದು ಹಾಳು ಗೋಡೆಗಳು, ಹೆಣಗಳು ತುಂಬಿದ ಗುಂಡಿಗಳು. ಬೆಟ್ಟಗಳಲ್ಲಿ ಅಡಗಿದ್ದವರು ಒಬ್ಬೊಬ್ಬರಾಗಿ ಇಳಿದುಬಂದರು. ರಾಜೌರಿಯವರು ಪ್ರತಿವರ್ಷ ಏಪ್ರಿಲ್ 13ನ್ನು ತಮ್ಮ ವಿಮೋಚನೆಯ ದಿನವಾಗಿ ಆಚರಿಸುತ್ತಾರೆ. ಸೇನೆಯ ದಾಖಲೆಗಳು 12 ಎನ್ನುತ್ತವೆ. ಇನ್ನೂ ಒಂದೆರಡು ದಿನ ಮೊದಲೇ ತಲುಪಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂಬ ಪ್ರಶ್ನೆ ಈ ಕಥೆಯನ್ನು ಓದುವ ಯಾರನ್ನಾದರೂ ಕಾಡುತ್ತದೆ. ಅದಕ್ಕೆ ಉತ್ತರವಿಲ್ಲ. ರಾಣೆಯವರ ತಂಡ ಆ ರಸ್ತೆಯಲ್ಲಿ ಒಂದು ಗಂಟೆಯನ್ನೂ ಕೈಚೆಲ್ಲಲಿಲ್ಲ ಎಂಬುದನ್ನು ಮಾತ್ರ ಗಡಿಯಾರದ ಆ ಅಂಕಿಗಳು ಹೇಳುತ್ತವೆ.

ಈ ನಾಲ್ಕು ದಿನಗಳ ಬಗ್ಗೆ ಬರೆದವರಲ್ಲಿ ಒಂದೆರಡು ಭಿನ್ನಾಭಿಪ್ರಾಯಗಳಿವೆ. ಅತ್ಯಂತ ಹೆಸರಾದ ಪ್ರಸಂಗವೆಂದರೆ ಹಗ್ಗದ್ದು. ರಾಣೆ ಟ್ಯಾಂಕಿನ ಅಡಿಯಲ್ಲಿ ಮಲಗಿ, ಅದರ ಜೊತೆಗೇ ತೆವಳುತ್ತ, ಎರಡು ಹಗ್ಗಗಳನ್ನು ಎಳೆದು ಚಾಲಕನಿಗೆ ನಿಲ್ಲು, ನಡೆ ಎಂದು ಸನ್ನೆ ಮಾಡುತ್ತ ಮೈನುಗಳನ್ನು ತೆಗೆದರು ಎಂದು ಅನೇಕ ಪುಸ್ತಕಗಳಲ್ಲಿದೆ. ಅಧಿಕೃತ ಪ್ರಶಸ್ತಿ ಪತ್ರದಲ್ಲಿ ಈ ಸಂಗತಿ ಇಲ್ಲ. ಇಲ್ಲವೆಂದ ಮಾತ್ರಕ್ಕೆ ನಡೆಯಲಿಲ್ಲ ಎನ್ನಲಾಗದು. ಅಂಥ ಪತ್ರಗಳು ಎಲ್ಲವನ್ನೂ ಹೇಳುವುದಿಲ್ಲ, ಗುಂಡಿನ ಹೊಡೆತದಲ್ಲಿ ಟ್ಯಾಂಕಿನ ಹೊಟ್ಟೆಯೇ ಆಸರೆಯಾಗುವುದು ಸಹಜವೂ ಹೌದು. ಆದರೆ ಹಗ್ಗದ ಚಿತ್ರ ಎಷ್ಟು ಆಕರ್ಷಕವೆಂದರೆ ಉಳಿದದ್ದೆಲ್ಲ ಅದರ ಹಿಂದೆ ಮರೆಯಾಗಿಬಿಡುತ್ತದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 4.45, 6.30, 10.30 ಎಂದು ಸಾಗುವ ಆ ಒಣ ದಾಖಲೆ. ಪರಮವೀರ ಚಕ್ರದ ಪತ್ರಗಳಲ್ಲಿ ಹೆಚ್ಚಿನವು ಒಂದು ದಿಬ್ಬದ, ಒಂದು ಹಗಲಿನ ಅಥವಾ ಒಂದು ರಾತ್ರಿಯ ಕಥೆ ಹೇಳುತ್ತವೆ. ಇದು ಹಾಜರಿ ಪುಸ್ತಕದ ಹಾಗೆ ನಾಲ್ಕು ದಿನಗಳ ದುಡಿಮೆಯ ಗಂಟೆಗಳನ್ನು ಬರೆದಿಟ್ಟಿದೆ. ಕ್ಷಣದ ಆವೇಶದಲ್ಲಿ ಸಾವಿಗೆ ಎದೆಯೊಡ್ಡುವುದು ಒಂದು ಬಗೆ. ರಾತ್ರಿ ಮಲಗಿ, ಬೆಳಿಗ್ಗೆ ಎದ್ದು, ನಿನ್ನೆಯ ಭಯವೆಲ್ಲ ನೆನಪಿದ್ದೂ ಅದೇ ಜಾಗಕ್ಕೆ ಮತ್ತೆ ಹೋಗಿ ಕೂರುವುದು ಇನ್ನೊಂದು. ಎರಡನೆಯದರ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ.

ಇನ್ನೊಂದು ಚರ್ಚೆ, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಯಾರು ಎಂಬುದು. 1950ರ ಜನವರಿ 26ರಂದು ಸ್ಥಾಪನೆಯಾದ ಈ ಪ್ರಶಸ್ತಿಯನ್ನು 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಮಾಡಲಾಯಿತು. ಕಾಶ್ಮೀರ ಯುದ್ಧದ ಐವರಿಗೆ ಅದು ಬಂತು; ಅವರಲ್ಲಿ ಬದುಕುಳಿದವರು ಇಬ್ಬರೇ, ರಾಣೆ ಮತ್ತು ಲಾನ್ಸ್ ನಾಯಕ್ ಕರಮ್ ಸಿಂಗ್. ಕೆಲವರು ಕರಮ್ ಸಿಂಗರನ್ನು ಮೊದಲಿಗರೆನ್ನುತ್ತಾರೆ, ಕೆಲವರು ರಾಣೆಯವರನ್ನು. ಸಾಹಸ ನಡೆದ ದಿನಾಂಕ ಹಿಡಿದು ನೋಡಿದರೆ ರಾಣೆಯವರದು ಏಪ್ರಿಲ್, ತಿಥ್ವಾಲಿನಲ್ಲಿ ಕರಮ್ ಸಿಂಗರದು ಅಕ್ಟೋಬರ್.

ಬಾಂಬೆ ಸ್ಯಾಪರ್ಸ್‌ನ ಚರಿತ್ರೆ ತಿಳಿದವರಿಗೆ ರಾಣೆಯ ಕಥೆ ಓದುವಾಗ ಇನ್ನೊಬ್ಬರು ನೆನಪಾಗದೆ ಇರುವುದಿಲ್ಲ. 1941ರ ಆರಂಭದಲ್ಲಿ, ಅಬಿಸೀನಿಯಾದಲ್ಲಿ ಹಿಮ್ಮೆಟ್ಟುತ್ತಿದ್ದ ಇಟಲಿಯ ಸೈನ್ಯವನ್ನು ಬೆನ್ನಟ್ಟುವಾಗ, ಇದೇ ದಳದ ಪ್ರೇಮೀಂದ್ರ ಸಿಂಗ್ ಭಗತ್ ನಾಲ್ಕು ದಿನಗಳಲ್ಲಿ 55 ಮೈಲಿ ರಸ್ತೆಯ 15 ಮೈನು ಕ್ಷೇತ್ರಗಳನ್ನು ಬಿಡಿಸಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದರು. ಅವರ ಹುದ್ದೆಯೂ ಸೆಕೆಂಡ್ ಲೆಫ್ಟಿನೆಂಟ್. ಅದೇ ದಳ, ಅದೇ ಹುದ್ದೆ, ಅದೇ ಕೆಲಸ, ಅಷ್ಟೇ ದಿನಗಳು. ಕಾಕತಾಳೀಯ ಎಂದು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಪುಣೆಯ ಖಡ್ಕಿಯಲ್ಲಿ ಕೇಂದ್ರವಿರುವ ಆ ದಳದಲ್ಲಿ ಅಧಿಕಾರಿಯಾದವನು ಮೈನಿನ ಬಳಿ ತಾನೇ ಮೊದಲು ಹೋಗಬೇಕೆಂಬ ರೂಢಿ ಬೇರೂರಿತ್ತು. ಸಿಪಾಯಿಯಾಗಿ ಸೇರಿದ ರಾಣೆ ಅದನ್ನು ಕೆಳಗಿನಿಂದ ನೋಡಿ ಕಲಿತವರು.

ರಾಜೌರಿ ಸಿಕ್ಕ ಮೇಲೆ ಪೂಂಛಿಗೆ ಕೂಡಲೇ ಹೊರಡಬಹುದಿತ್ತಲ್ಲ ಎಂದು ಯುದ್ಧದ ಇತಿಹಾಸ ಬರೆದ ಕೆಲವರು ಕೇಳಿದ್ದಾರೆ. ಆದರೆ ಇದ್ದದ್ದು ಬೆರಳೆಣಿಕೆಯ ಬ್ರಿಗೇಡುಗಳು. ಬೇಸಿಗೆಯಲ್ಲಿ ಅವುಗಳ ಬಲವೆಲ್ಲ ಕಣಿವೆಯ ಕಡೆಗೆ, ಊರಿ ಮತ್ತು ತಿಥ್ವಾಲಿನ ಕಡೆಗೆ ಹರಿಯಿತು. ಜುಲೈ 3ರಂದು ಝಂಗಡಿನಲ್ಲಿ ಫಿರಂಗಿ ಗುಂಡು ಬಿದ್ದು ಬ್ರಿಗೇಡಿಯರ್ ಉಸ್ಮಾನ್ ಮಡಿದರು. ಪೂಂಛಿನ ಜನ ತಾವೇ ನೆಲ ಸಮಮಾಡಿ ಕಟ್ಟಿಕೊಂಡ ವಿಮಾನಪಟ್ಟಿಯ ಮೇಲೆ ಇಳಿಯುವ ಡಕೋಟಾಗಳನ್ನು ನಂಬಿ ಮಳೆಗಾಲವನ್ನೂ ಕಳೆದರು. ಕೊನೆಗೆ ರಾಜೌರಿಯನ್ನೇ ನೆಲೆಯಾಗಿ ಮಾಡಿಕೊಂಡು ಹೊರಟ ಸೈನ್ಯ ನವೆಂಬರ್ 20ರಂದು ಪೂಂಛಿನ ಕಾವಲುಪಡೆಯ ಕೈ ಕುಲುಕಿತು. ಒಂದು ವರ್ಷದ ಮುತ್ತಿಗೆ ಮುರಿಯಿತು. ರಾಣೆ ತೆರೆದ ರಸ್ತೆಯ ಮೇಲೆ ಏಳು ತಿಂಗಳು ಹರಿದ ಸರಕು ಇಲ್ಲದಿದ್ದರೆ ಆ ದಂಡಯಾತ್ರೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಅದೇ ನವೆಂಬರಿನ ಮೊದಲ ದಿನ, ಇನ್ನೊಂದು ಕೊನೆಯಲ್ಲಿ, ಕೊಡಗಿನ ತಿಮ್ಮಯ್ಯ ಝೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಅಲ್ಲಿ ಹೇಸರಗತ್ತೆಯ ದಾರಿಯನ್ನು ಟ್ಯಾಂಕಿನ ದಾರಿಯಾಗಿ ಅಗಲಿಸಿದವರು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್.

1949ರ ಜನವರಿ 1ರಂದು ಕದನವಿರಾಮ ಬಂತು. ಮೀರ್‌ಪುರ, ಕೋಟ್ಲಿ ಆ ಕಡೆಗೆ ಉಳಿದವು. ನೌಶೇರಾ, ಝಂಗಡ್, ರಾಜೌರಿ, ಪೂಂಛ್ ಈ ಕಡೆಗೆ. ಅಂದಿನ ಕದನರೇಖೆಯೇ ಸ್ವಲ್ಪ ಹೆಚ್ಚುಕಡಿಮೆಯಾಗಿ ಇಂದಿನ ನಿಯಂತ್ರಣ ರೇಖೆ. ಅದರ ಉದ್ದಕ್ಕೂ ಮೈನುಗಳು ಮಾತ್ರ ಹೋಗಲಿಲ್ಲ. 2001-02ರಲ್ಲಿ ಎರಡೂ ಸೇನೆಗಳು ಎದುರುಬದುರಾದಾಗ ಗಡಿಯ ಹೊಲಗಳಲ್ಲಿ ಮತ್ತೆ ಭಾರಿ ಪ್ರಮಾಣದಲ್ಲಿ ಮೈನುಗಳನ್ನು ಹೂಳಲಾಯಿತು. ಹೂಳುವಾಗಲೂ ತೆಗೆಯುವಾಗಲೂ ಅನೇಕ ಸೈನಿಕರು ಜೀವ, ಕೈಕಾಲು ಕಳೆದುಕೊಂಡರು, ರೈತರೂ, ದನಕರುಗಳೂ.

ರಾಣೆ ಇನ್ನೂ ಇಪ್ಪತ್ತು ವರ್ಷ ಸೇನೆಯಲ್ಲಿದ್ದು 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಯುದ್ಧ ವರದಿಗಳಲ್ಲಿ ಐದು ಬಾರಿ ಅವರ ಹೆಸರು ಪ್ರಶಂಸೆಯೊಂದಿಗೆ ಬಂದಿದೆ. ನಿವೃತ್ತಿಯ ನಂತರವೂ 1971ರವರೆಗೆ ಸೇನೆ ಅವರನ್ನು ಮರುನೇಮಕದಲ್ಲಿ ಇಟ್ಟುಕೊಂಡಿತು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ, 1984ರಲ್ಲಿ, ಭಾರತೀಯ ಹಡಗು ನಿಗಮ ತನ್ನ ಕಚ್ಚಾತೈಲ ಸಾಗಿಸುವ ಹಡಗೊಂದಕ್ಕೆ ಅವರ ಹೆಸರಿಟ್ಟಿತ್ತು. 25 ವರ್ಷ ಅದು ಕಡಲಿನಲ್ಲಿ ಓಡಾಡಿತು. 2006ರಲ್ಲಿ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ, ಅವರ ಪ್ರತಿಮೆ ಸ್ಥಾಪನೆಯಾಯಿತು. 2023ರ ಜನವರಿ 23ರಂದು ಅಂಡಮಾನ್ ನಿಕೋಬಾರಿನ ಹೆಸರಿಲ್ಲದ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದ 21 ಮಂದಿಯ ಹೆಸರಿಡಲಾಯಿತು. ಅವುಗಳಲ್ಲಿ ಒಂದಕ್ಕೆ ಚೆಂಡಿಯಾದ ರಾಮ ರಾಘೋಬಾ ರಾಣೆಯವರ ಹೆಸರಿದೆ.